ಬಾಣವಿಲ್ಲದ ಹೆದೆ

ಅಡ್ಡಬಿಲ್ಲಿಗೆ, ಅಂದರೆ ಕ್ರಾಸ್‌ಬೋಗೆ, ಒದಗುವ ಅತಿ ದೊಡ್ಡ ಅನಾಹುತ ಅದರಲ್ಲಿ ಬಾಣವೇ ಇಲ್ಲದಾಗ ಒದಗುತ್ತದೆ. ಹೆದೆ ಎಳೆದು ಕೊಕ್ಕೆಗೆ ಸಿಕ್ಕಿಸಿ ಆಗಿದೆ. ಬಾಣ ಇಡುವುದು ಮರೆತುಹೋಗಿದೆ, ಇಲ್ಲವೇ ಇಟ್ಟ ಬಾಣ ಅರ್ಧ ಅಂಗುಲ ಮುಂದಕ್ಕೆ ಜರುಗಿದೆ. ಬೆರಳು ಟ್ರಿಗರ್ ಒತ್ತುತ್ತದೆ. ಗುಂಡು ತುಂಬದ ಬಂದೂಕಾಗಿದ್ದರೆ ಟಕ್ ಎಂಬ ಸದ್ದಿನೊಂದಿಗೆ ಮುಗಿಯುತ್ತಿತ್ತು. ಇಲ್ಲಿ ಫೈಬರ್‌ಗ್ಲಾಸಿನ ತೋಳು ಉದ್ದಕ್ಕೆ ಸೀಳಬಹುದು, ತುದಿಯ ಚಕ್ರ ಬಾಗಬಹುದು, ಹರಿದ ಹೆದೆ ಹಿಡಿದವರ ಮುಖದತ್ತಲೇ ಚಿಮ್ಮಬಹುದು. ಅಮೆರಿಕದ ಬಿಲ್ಲಂಗಡಿಗಳಲ್ಲಿ ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ಪೆನ್ಸಿಲ್ವೇನಿಯಾ, ಓಹಾಯೊ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಜಿಂಕೆ ಬೇಟೆಯ ಹಂಗಾಮಿಗೆ ಮುಂಚೆ ರಿಪೇರಿಗೆ ಬರುವ ಮುರಿದ ಬಿಲ್ಲುಗಳ ಹಿಂದೆ ಬಹಳ ಸಲ ಇದೇ ಕಥೆ ಇರುತ್ತದೆ.

ಬಾಣವಿದ್ದಾಗ ನೂರಾರು ಸಲ ಏನೂ ಆಗದಂತೆ ಹೊರಬೀಳುವ ಅದೇ ಶಕ್ತಿ, ಬಾಣವಿಲ್ಲದ ಒಂದೇ ಸಲಕ್ಕೆ ಬಿಲ್ಲನ್ನು ಏಕೆ ಒಡೆಯುತ್ತದೆ? ಇದಕ್ಕೆ ಉತ್ತರ ಗೊತ್ತಾದರೆ ಅಡ್ಡಬಿಲ್ಲಿನ ಆರೈಕೆ ಹೇಗೆ, ಡೀಲರ್ ಹತ್ತಿರ ಏನು ಮಾಡಿಸಬೇಕು, ಹೊಸದು ಕೊಳ್ಳುವಾಗ ಯಾವುದನ್ನು ನೋಡಬೇಕು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಿಲ್ಲು ಶಕ್ತಿಯನ್ನು ಹುಟ್ಟಿಸುವುದಿಲ್ಲ. ನಾವು ನಿಧಾನವಾಗಿ ತುಂಬಿದ್ದನ್ನು ಥಟ್ಟನೆ ಹಿಂದಕ್ಕೆ ಕೊಡುತ್ತದೆ, ಅಷ್ಟೆ. ಎಷ್ಟು ತುಂಬಿದೆವು ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ: ಹೆದೆಯನ್ನು ಎಷ್ಟು ಬಲ ಹಾಕಿ ಎಳೆದೆವು, ಎಷ್ಟು ದೂರ ಎಳೆದೆವು. ಜಾಹೀರಾತುಗಳಲ್ಲಿ ಮೊದಲನೆಯದು ದಪ್ಪ ಅಕ್ಷರದಲ್ಲಿರುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ. ಚರಿತ್ರೆಯನ್ನು ನೋಡಿದರೆ ಈ ಎರಡನೆಯದರ ಮಹಿಮೆ ಅರ್ಥವಾಗುತ್ತದೆ. ಷಿಯಾನ್ ನಗರದ ಬಳಿ ಚಕ್ರವರ್ತಿ ಚಿನ್ ಶಿಹುವಾಂಗನ ಸಮಾಧಿಯ ಮಣ್ಣಿನ ಸೈನಿಕರ ನಡುವೆ ಕಂಚಿನ ಟ್ರಿಗರ್‌ಗಳು ಸಿಕ್ಕಿವೆ. ಕ್ರಿಸ್ತಪೂರ್ವ 3ನೇ ಶತಮಾನದ ಅಚ್ಚುಕಟ್ಟಾದ ಎರಕದ ಕೆಲಸ ಅದು. ಚೀನೀ ಬಿಲ್ಲಿನಲ್ಲಿ ಟ್ರಿಗರ್ ಮರದ ದಂಡಿನ ಹಿಂತುದಿಯಲ್ಲಿತ್ತು. ಹಾಗಾಗಿ ಹೆದೆ ಒಂದೂವರೆ ಅಡಿಯ ಆಸುಪಾಸು ಹಿಂದಕ್ಕೆ ಬರುತ್ತಿತ್ತು. ಹದಿನೈದನೇ ಶತಮಾನದ ಯುರೋಪಿನಲ್ಲಿ ಉಕ್ಕಿನ ಗಿಡ್ಡ ಬಿಲ್ಲುಗಳು ಬಳಕೆಯಲ್ಲಿದ್ದವು. ಅಂಥ ಒಂದು ಹಳೆಯ ಬಿಲ್ಲನ್ನು ಇಂಗ್ಲೆಂಡಿನ ರಾಲ್ಫ್ ಪೇನ್ ಗಾಲ್ವೆ ದುರಸ್ತಿ ಮಾಡಿ ಹೊಡೆದು ನೋಡಿದರು. 1903ರಲ್ಲಿ ಅವರು ಬರೆದ ಪುಸ್ತಕ ಇಂದಿಗೂ ಈ ವಿಷಯದ ಆಧಾರ ಗ್ರಂಥ. ಅವರ ಲೆಕ್ಕದಲ್ಲಿ ಆ ಬಿಲ್ಲಿನ ಎಳೆತ 1200 ಪೌಂಡ್, ಅಂದರೆ ಅರ್ಧ ಟನ್ನಿಗೂ ಹೆಚ್ಚು. ಆದರೆ ಹೆದೆ ಸರಿಯುತ್ತಿದ್ದುದು ಗೇಣಿಗೂ ಕಡಿಮೆ. ಬಲ ಭೀಕರ, ದೂರ ಅತ್ಯಲ್ಪ. ಜೊತೆಗೆ ಉಕ್ಕಿನ ತೋಳಿನ ತೂಕವನ್ನೇ ಮುಂದಕ್ಕೆ ಎಸೆಯಲು ಬಹಳಷ್ಟು ಶಕ್ತಿ ಸೋರಿಹೋಗುವಂಥ ರಚನೆ.

ಇಂದಿನ ಬೇಟೆ ಬಿಲ್ಲನ್ನು ಇದರ ಪಕ್ಕದಲ್ಲಿಟ್ಟು ಲೆಕ್ಕ ಹಾಕೋಣ. ಎಳೆತ 200 ಪೌಂಡ್, ಅಂದರೆ ಸುಮಾರು 90 ಕಿಲೋ ತೂಕದಷ್ಟು ಬಲ. ಹೆದೆಯ ಓಟ 14 ಅಂಗುಲ, ಸುಮಾರು 35 ಸೆಂಟಿಮೀಟರ್. ತೋಳಿನ ತುದಿಯಲ್ಲಿರುವ ಕ್ಯಾಮ್ ಎಂಬ ಓರೆಯಾಕಾರದ ಚಕ್ರಗಳು ಎಳೆತವನ್ನು ಓಟದುದ್ದಕ್ಕೂ ಎತ್ತರದಲ್ಲೇ ಹಿಡಿದಿಡುವುದರಿಂದ ಸುಮಾರು 220 ಜೂಲ್ ಶಕ್ತಿ ತೋಳುಗಳಲ್ಲಿ ಕೂಡುತ್ತದೆ. ಬಾಣದ ತೂಕ 400 ಗ್ರೇನ್, ಅಂದರೆ 26 ಗ್ರಾಂ. ಅದು ಸೆಕೆಂಡಿಗೆ 380 ಅಡಿ ವೇಗದಲ್ಲಿ ಹೊರಟರೆ ಹೊತ್ತೊಯ್ಯುವ ಶಕ್ತಿ ಸುಮಾರು 174 ಜೂಲ್. ಟ್ರಿಗರ್ ಬಿಟ್ಟ ಕ್ಷಣದಿಂದ ಬಾಣ ಹೆದೆಯನ್ನು ಬಿಡುವವರೆಗೆ ಸುಮಾರು 6 ಮಿಲಿಸೆಕೆಂಡ್. ಅಷ್ಟರಲ್ಲಿ ಬಾಣ ಗುರುತ್ವದ 1900 ಪಟ್ಟು ವೇಗೋತ್ಕರ್ಷವನ್ನು ತಡೆದುಕೊಂಡಿರುತ್ತದೆ. ಕೂದಲೆಳೆಯ ಬಿರುಕಿರುವ ಕಾರ್ಬನ್ ಬಾಣವನ್ನು ಎಸೆದುಬಿಡಿ ಎಂದು ಪ್ರತಿ ಕೈಪಿಡಿಯೂ ಹೇಳುವುದು ಇದಕ್ಕೇ. ಪ್ರತಿ ಬಾಣದ ಎರಡು ತುದಿ ಹಿಡಿದು ಸ್ವಲ್ಪವೇ ಬಾಗಿಸಿ ಕಿವಿಗೊಡಬೇಕು. ಚಿಟಚಿಟ ಸದ್ದು ಬಂದರೆ ಆ ಬಾಣದ ಆಯುಷ್ಯ ಮುಗಿಯಿತು.

220 ಜೂಲಿನಲ್ಲಿ 174 ಬಾಣಕ್ಕೆ ಹೋಯಿತು. ಉಳಿದ 46? ಅದು ಬಿಲ್ಲಿನಲ್ಲೇ ಉಳಿಯಿತು. ಬಾಣದ ಜೊತೆಗೆ ಹೆದೆಯೂ ಓಡಬೇಕು, ಕ್ಯಾಮ್ ತಿರುಗಬೇಕು, ತೋಳಿನ ತುದಿ ಮುಂದಕ್ಕೆ ಚಿಮ್ಮಬೇಕು. ಇವಕ್ಕೂ ತೂಕವಿದೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ 1940ರ ದಶಕದಲ್ಲಿ ಇದನ್ನು ವಿವರಿಸಲು ಒಂದು ಸೊಗಸಾದ ದಾರಿ ಕಂಡುಕೊಂಡರು. ಬಿಲ್ಲಿನ ಓಡುವ ಭಾಗಗಳ ಲೆಕ್ಕವನ್ನೆಲ್ಲ ಬೇರೆಬೇರೆಯಾಗಿ ಹಾಕುವುದು ಬೇಡ. ಬಾಣದ ಜೊತೆ ಅದೇ ವೇಗದಲ್ಲಿ ಓಡುವ ಇನ್ನೊಂದು ಕಾಣದ ತೂಕ ಹೆದೆಗೆ ಅಂಟಿಕೊಂಡಿದೆ ಎಂದು ಭಾವಿಸಿದರೆ ಸಾಕು ಎಂದರು. ಅದಕ್ಕೆ ಕಲ್ಪಿತ ದ್ರವ್ಯರಾಶಿ ಎನ್ನಬಹುದು. ಒಂದು ಬಿಲ್ಲಿಗೆ ಇದು ಹೆಚ್ಚುಕಡಿಮೆ ಸ್ಥಿರ. ನಮ್ಮ ಉದಾಹರಣೆಯ ಬಿಲ್ಲಿಗೆ ಅದು ಸುಮಾರು 7 ಗ್ರಾಂ. ಬಾಣವೂ ಈ ಕಾಣದ 7 ಗ್ರಾಮೂ ತೂಕಕ್ಕೆ ತಕ್ಕಂತೆ ಶಕ್ತಿಯನ್ನು ಹಂಚಿಕೊಳ್ಳುತ್ತವೆ.

ಇಷ್ಟು ಸರಳವಾದ ಲೆಕ್ಕದಿಂದ ಎಷ್ಟೆಲ್ಲ ಹೊರಡುತ್ತದೆ ನೋಡಿ. ಬಾಣ 350 ಗ್ರೇನ್ ಆದರೆ ಬಾಣದ ಪಾಲು ಶೇಕಡಾ 76ಕ್ಕೆ ಇಳಿಯುತ್ತದೆ. 500 ಗ್ರೇನ್ ಆದರೆ 82ಕ್ಕೆ ಏರುತ್ತದೆ. ಹಗುರ ಬಾಣ ವೇಗವಾಗಿ ಹೋಗುವುದು ನಿಜ, ಆದರೆ ಹೋಗುವಾಗ ಹೆಚ್ಚು ಶಕ್ತಿಯನ್ನು ಬಿಲ್ಲಿನ ತಲೆಗೇ ಕಟ್ಟಿ ಹೋಗುತ್ತದೆ. ಆ ಶಕ್ತಿ ನಡುಕವಾಗಿ, ಸದ್ದಾಗಿ, ಸ್ಕ್ರೂ ಸಡಿಲವಾಗಿ ಹೊರಬರುತ್ತದೆ. ತೂಕದ ಬಾಣ ಹೊಡೆದಾಗ ಬಿಲ್ಲು ಮೆತ್ತಗೆ ಸದ್ದು ಮಾಡುವುದು ಇದರಿಂದಲೇ. ಕಂಪನಿ ನಿಗದಿ ಮಾಡಿದ ಕನಿಷ್ಠ ತೂಕಕ್ಕಿಂತ ಹಗುರವಾದ ಬಾಣ ಬಳಸಿದರೆ ವಾರಂಟಿ ರದ್ದಾಗುವುದೂ ಇದರಿಂದಲೇ. ಈಗ ಬಾಣದ ತೂಕವನ್ನು ಸೊನ್ನೆ ಮಾಡಿ. ಪೂರ್ತಿ 220 ಜೂಲ್ ಹೆದೆ, ಕ್ಯಾಮ್, ತೋಳುಗಳ ಪಾಲಿಗೆ ಬಂತು. ಪ್ರತಿ ಹೊಡೆತದಲ್ಲಿ ಅವು ತಡೆದುಕೊಳ್ಳುತ್ತಿದ್ದುದರ ಹೆಚ್ಚುಕಡಿಮೆ ಐದು ಪಟ್ಟು. ಅಗುಳಿ ಹಾಕಿದೆ ಎಂದುಕೊಂಡು ಭುಜ ಕೊಟ್ಟು ನುಗ್ಗಿದ ಬಾಗಿಲು ತೆರೆದೇ ಇದ್ದರೆ ನುಗ್ಗಿದವನ ಗತಿ ಏನೋ, ಡ್ರೈ ಫೈರ್ ಆದ ಬಿಲ್ಲಿನದೂ ಅದೇ.

ಇದನ್ನು ತಡೆಯಲು ಈಗಿನ ಬಿಲ್ಲುಗಳ ಟ್ರಿಗರ್ ಪೆಟ್ಟಿಗೆಯಲ್ಲಿ ಚಿಕ್ಕ ಸನ್ನೆಯೊಂದಿದೆ. ಬಾಣದ ಹಿಂತುದಿ ಒಳಗೆ ಬಂದು ಅದನ್ನು ಎತ್ತುವವರೆಗೂ ಹೆದೆಗೆ ಬಿಡುಗಡೆ ಇಲ್ಲ. ಒಳ್ಳೆಯ ಉಪಾಯ. ಆದರೆ ಅದು ಬಾಣದ ಇರುವಿಕೆಯನ್ನು ನೋಡುತ್ತದೆ, ಬಾಣದ ಹಿಂತುದಿ ಹೆದೆಗೆ ಸರಿಯಾಗಿ ಕೂತಿದೆಯೇ ಎಂದು ನೋಡುವುದಿಲ್ಲ. ಅಡ್ಡಬಿಲ್ಲಿನ ಬಾಣದ ಹಿಂತುದಿಯ ನಾಕ್ ನಾನಾ ತರಹ: ಚಪ್ಪಟೆ, ಅರ್ಧಚಂದ್ರ, ಹೆದೆಯನ್ನು ಕಚ್ಚಿ ಹಿಡಿಯುವ ಬಗೆಯವು. ಅರ್ಧಚಂದ್ರದ ನಾಕ್ ಒಂದಿಷ್ಟು ತಿರುಗಿ ಕೂತರೆ ಹೆದೆ ಅದರ ಮೇಲೋ ಕೆಳಗೋ ಜಾರಿಹೋಗುತ್ತದೆ. ಬಾಣ ಇದ್ದೂ ಡ್ರೈ ಫೈರ್ ಆಗುವುದು ಹೀಗೆ. ಗೆಳೆಯನ ಬತ್ತಳಿಕೆಯ ಬಾಣವನ್ನು ನಮ್ಮ ಬಿಲ್ಲಿಗೆ ಇಡುವ ಮುನ್ನ ನಾಕ್ ಯಾವ ಬಗೆಯದು ಎಂದು ಕೈಪಿಡಿಯೊಂದಿಗೆ ತಾಳೆ ನೋಡಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಆರೈಕೆ. ಬಿಲ್ಲಿನಲ್ಲಿ ಮೊದಲು ಸವೆಯುವುದು ಹೆದೆ. ಅದು ನೂರಾರು ಸಣ್ಣ ಎಳೆಗಳ ಹುರಿ. ಡೈನೀಮಾ ಎಂಬ ಹೆಸರಿನಲ್ಲಿ ಮಾರುವ ಪಾಲಿಎಥಿಲೀನ್ ನಾರಿನದು, ಕೆಲವೊಮ್ಮೆ ವೆಕ್ಟ್ರಾನ್ ಎಂಬ ಇನ್ನೊಂದು ನಾರಿನ ಜೊತೆ ಬೆರೆಸಿದ್ದು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಆದರೆ ಅದರ ದೌರ್ಬಲ್ಯ ಬಿಸಿ. ಈ ನಾರು ಸುಮಾರು 145 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೂ ಬಹಳ ಕೆಳಗೇ, ಬಿಗಿದು ಕಟ್ಟಿದ ಸ್ಥಿತಿಯಲ್ಲಿ ಬಿಸಿ ತಾಗಿದರೆ ಮೆಲ್ಲಗೆ ಉದ್ದವಾಗುತ್ತ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಲ್ಲು ಬಿಟ್ಟರೆ ಆಗುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಹೆದೆ ಒಂದೆರಡು ಮಿಲಿಮೀಟರ್ ಹಿಗ್ಗಿದರೆ ಎರಡು ಕ್ಯಾಮ್‌ಗಳು ಒಂದೇ ಹೊತ್ತಿಗೆ ತಿರುಗುವುದು ತಪ್ಪುತ್ತದೆ, ಬಾಣ ತಾನು ಕೂರುವ ಹಳಿಯ ಮೇಲೆ ಓರೆಯಾಗಿ ಹೊರಡುತ್ತದೆ. ನಿನ್ನೆಯವರೆಗೆ ಗುರಿಗೆ ಹೊಡೆಯುತ್ತಿದ್ದ ಬಿಲ್ಲು ಇವತ್ತು ಅಂಗೈ ಅಗಲ ಪಕ್ಕಕ್ಕೆ ಹೊಡೆದರೆ ಗುರಿ ನೋಡುವ ದುರ್ಬೀನನ್ನು ತಿರುಪುವ ಮೊದಲು ಕ್ಯಾಮ್ ನೋಡಿ.

ಹೆದೆಯ ನಡುಭಾಗಕ್ಕೆ ಮೇಲಿಂದ ಇನ್ನೊಂದು ದಾರವನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಅದಕ್ಕೆ ಸರ್ವಿಂಗ್ ಎನ್ನುತ್ತಾರೆ. ಹಳಿಯ ಮೇಲೆ ಉಜ್ಜುವುದು, ಕೊಕ್ಕೆಯ ಹಲ್ಲಿಗೆ ಸಿಕ್ಕುವುದು, ನಾಕ್‌ನ ಪೆಟ್ಟು ತಿನ್ನುವುದು ಎಲ್ಲ ಈ ನಾಲ್ಕೈದು ಅಂಗುಲವೇ. ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುವ ಸರ್ವಿಂಗ್ ಕೆಳಮುಖದಲ್ಲಿ ಸವೆದಿರುತ್ತದೆ, ಏಕೆಂದರೆ ಹೆದೆ ಹಳಿಯನ್ನು ಒತ್ತಿಕೊಂಡೇ ಓಡುತ್ತದೆ. ಹೆದೆ ಎಳೆಯದ ಬಿಲ್ಲನ್ನು ಮಗುಚಿ ಹಿಡಿದು, ಹೆಬ್ಬೆರಳ ಉಗುರನ್ನು ಸುತ್ತುಗಳ ಮೇಲೆ ಮೆಲ್ಲನೆ ಹಾಯಿಸಿ. ಒಂದು ಸುತ್ತು ಇನ್ನೊಂದರಿಂದ ಬೇರೆಯಾಗಿ ಒಳಗಿನ ಎಳೆಯ ಬಣ್ಣ ಕಂಡರೆ ಅದನ್ನು ಮತ್ತೆ ಸುತ್ತಿಸುವ ಕಾಲ ಬಂತು. ಮೇಣ ಹಚ್ಚಬೇಕಾದದ್ದು ಹೆದೆಯ ಮತ್ತು ಕ್ಯಾಮ್‌ಗಳಿಗೆ ಕಟ್ಟಿದ ಕೇಬಲ್‌ಗಳ ದಾರ ಸುತ್ತಿಲ್ಲದ ಭಾಗಕ್ಕೆ. ಬೆರಳ ಬಿಸಿ ತಗುಲುವಂತೆ ತಿಕ್ಕಿದರೆ ಮೇಣ ಎಳೆಗಳ ನಡುವೆ ಇಳಿಯುತ್ತದೆ. ಹೊರಗೆ ಉಳಿದ ಗಟ್ಟಿಯನ್ನು ಒರೆಸಬೇಕು. ನಡುವಿನ ಸರ್ವಿಂಗ್‌ಗೆ ಮೇಣ ಬೇಡ. ಅಂಟು ಮೇಣ ಟ್ರಿಗರ್ ಪೆಟ್ಟಿಗೆಗೆ ಇಳಿದು, ಅದಕ್ಕೆ ಧೂಳು ಕೂಡಿ, ಕೊನೆಗೆ ಕೊಕ್ಕೆ ಪೂರ್ತಿ ಕೂರದಂತೆ ಮಾಡುತ್ತದೆ. ಹಳಿಗೆ ಅದಕ್ಕೆಂದೇ ತಯಾರಾದ ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಹೆದೆ ಹಳಿಗೆ ತಾಗದಂತೆ ಕಟ್ಟಿದ ಬಿಲ್ಲುಗಳಿಗೆ ಅದೂ ಬೇಕಿಲ್ಲ.

ತೋಳುಗಳನ್ನು ಪರೀಕ್ಷಿಸಲು ಒಂದು ಉಂಡೆ ಹತ್ತಿ ಸಾಕು. ತೋಳಿನ ಎರಡೂ ಮುಖ, ಎರಡೂ ಅಂಚುಗಳ ಮೇಲೆ ಹತ್ತಿಯನ್ನು ಹಗುರವಾಗಿ ಸವರಿದರೆ ಕಣ್ಣಿಗೆ ಕಾಣದ ಸೀಳು ಹತ್ತಿಯ ನಾರನ್ನು ಹಿಡಿದಿಟ್ಟುಕೊಳ್ಳುತ್ತದೆ. ಫೈಬರ್‌ಗ್ಲಾಸ್ ಬಿರುಕು ಬೆಳೆಯುವುದು ನಾರಿನ ಉದ್ದಕ್ಕೆ. ಹಾಗಾಗಿ ಅಂಚಿನಲ್ಲೊಂದು ಚಿಕ್ಕ ಸಿಬಿರು ಎದ್ದಿದ್ದರೂ ಆ ಬಿಲ್ಲಿನ ಹೆದೆ ಎಳೆಯಬಾರದು. ಸೊಳ್ಳೆ, ಉಣ್ಣೆ ಓಡಿಸಲು ಮೈಗೆ ಬಳಿದುಕೊಳ್ಳುವ ಡೀಟ್ ಇರುವ ದ್ರವ ಪ್ಲಾಸ್ಟಿಕ್ಕನ್ನು, ಬಣ್ಣದ ಲೇಪವನ್ನು ತಿನ್ನುತ್ತದೆ. ಅದನ್ನು ಹಚ್ಚಿದ ಕೈಯಲ್ಲಿ ಬಿಲ್ಲು ಮುಟ್ಟದಿರುವುದು ಕಾಡಿನಲ್ಲಿ ಕೂರುವವರಿಗೆ ಸುಲಭವಲ್ಲ, ಆದರೂ ರೂಢಿ ಮಾಡಿಕೊಳ್ಳಬೇಕು.

ಇಷ್ಟನ್ನು ಮನೆಯಲ್ಲಿ ಮಾಡಬಹುದು. ಹೆದೆ, ಕೇಬಲ್ ಬದಲಿಸುವ ಕೆಲಸ ಹಾಗಲ್ಲ. ಹೆದೆ ಎಳೆಯದೆ ಸುಮ್ಮನೆ ಗೋಡೆಗೆ ತೂಗುಹಾಕಿದ ಬಿಲ್ಲಿನಲ್ಲೂ ತೋಳುಗಳು ಆಗಲೇ ಬಾಗಿರುತ್ತವೆ, ಕೇಬಲ್‌ಗಳು ಆಗಲೇ ಬಿಗಿದಿರುತ್ತವೆ. ವಿಶ್ರಾಂತಿ ಎಂದು ನಮಗೆ ಕಾಣುವುದು ತುಂಬಿದ ಶಕ್ತಿಯ ಒಂದು ಪಾಲು ಮಾತ್ರ ಇಳಿದ ಸ್ಥಿತಿ. ಕೇಬಲ್ಲಿನ ಕೊಂಡಿ ಕಳಚಬೇಕಾದರೆ ತೋಳುಗಳನ್ನು ಇನ್ನಷ್ಟು ಬಾಗಿಸಿ ಹಿಡಿದುಕೊಳ್ಳುವ ಪ್ರೆಸ್ ಬೇಕು. ಅದು ಡೀಲರ್ ಅಂಗಡಿಯ ಹಿಂಬದಿಯ ಮೇಜಿನ ಮೇಲಿರುತ್ತದೆ. ಅಲ್ಲಿನ ಕೆಲಸಗಾರ ಬಿಲ್ಲನ್ನು ಪ್ರೆಸ್ಸಿನ ಬೆರಳುಗಳಿಗೆ ಕೂರಿಸಿ ಸಮವಾಗಿ ಹಿಂಡಿ, ಸಡಿಲವಾದ ಕೇಬಲ್ ಕಳಚಿ, ಕ್ಯಾಮ್‌ನ ಅಚ್ಚನ್ನು ತಿರುಗಿಸಿ ನೋಡುತ್ತಾನೆ. ಹೊಸ ಹೆದೆ ಹಾಕಿದ ಮೇಲೆ ಎರಡು ಕ್ಯಾಮ್‌ಗಳ ಮೇಲಿನ ಗುರುತುಗಳು ಕೇಬಲ್ಲಿಗೆ ಒಂದೇ ರೀತಿ ಹೊಂದುವವರೆಗೂ ಕೇಬಲ್ಲನ್ನು ಅರ್ಧ ಸುತ್ತು ಹುರಿಯುವುದು, ಅರ್ಧ ಸುತ್ತು ಬಿಚ್ಚುವುದು ನಡೆಯುತ್ತದೆ. ತೋಳು ಹಿಡಿದ ಬೋಲ್ಟ್‌ಗಳನ್ನು ಅಳತೆಯ ಸ್ಪ್ಯಾನರಿನಿಂದ ನಿಗದಿತ ಬಿಗಿಗೆ ತರುತ್ತಾನೆ. ಅಂದಾಜಿನಲ್ಲಿ ಬಿಗಿದರೆ ಒಂದು ತೋಳು ಇನ್ನೊಂದಕ್ಕಿಂತ ಬೇಗ ತೆರೆದುಕೊಳ್ಳುತ್ತದೆ. ಹೊಸ ಹೆದೆ ಮೊದಲ ಕೆಲವು ಹೊಡೆತಗಳಲ್ಲಿ ಕೂತುಕೊಳ್ಳುವುದರಿಂದ ಕ್ಯಾಮ್ ಗುರುತನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಇದನ್ನು ತಾನಾಗಿಯೇ ಹೇಳುವ ಡೀಲರ್ ಸಿಕ್ಕರೆ ಅವನನ್ನು ಬಿಡಬೇಡಿ.

ವರ್ಷಕ್ಕೊಮ್ಮೆಯಾದರೂ ಈ ತಪಾಸಣೆ ಆಗಬೇಕು, ಅದೂ ಹಂಗಾಮಿಗೆ ತಿಂಗಳುಗಳ ಮುಂಚೆ. ಅಕ್ಟೋಬರಿನ ಹಿಂದಿನ ವಾರ ಬಿಲ್ಲಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಮ್ಮೆ ಡ್ರೈ ಫೈರ್ ಆದ ಬಿಲ್ಲನ್ನಂತೂ ಹೊರಗೆ ಏನೂ ಕಾಣದಿದ್ದರೂ ಮೇಜಿಗೆ ತರಬೇಕು. ಅದು ಆಯಿತು ಎಂದು ಮುಚ್ಚಿಡದೆ ಹೇಳಬೇಕು. ಕೆಲಸಗಾರನ ಮುಖ ಪ್ರೆಸ್ಸಿನ ಎದುರಿಗೇ ಇರುತ್ತದೆ.

ಕೊಳ್ಳುವ ಮಾತಿಗೆ ಬಂದರೆ ಮೊದಲು ನಮ್ಮ ಊರಿನವರಿಗೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆಯುಧ ಎಂಬ ಪದಕ್ಕೆ ಕೊಟ್ಟ ವಿವರಣೆಯಲ್ಲಿ ಬಿಲ್ಲುಬಾಣವೂ ಇದೆ. ಬಂಡೀಪುರದ ಅಂಚಿನ ಜಿಂಕೆಯನ್ನು ಬಂದೂಕಿನಿಂದ ಹೊಡೆದರೂ ಅಪರಾಧ, ಬಾಣದಿಂದ ಹೊಡೆದರೂ ಅಪರಾಧ. ಬ್ರಿಟನ್ನಿನಲ್ಲಿ ಕಾಡುಪ್ರಾಣಿಗಳ ಮೇಲೆ ಅಡ್ಡಬಿಲ್ಲು ಬಳಸುವುದಕ್ಕೆ 1981ರ ಕಾಯಿದೆಯ ನಿಷೇಧವಿದೆ. ಉತ್ತರ ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಪೆನ್ಸಿಲ್ವೇನಿಯಾ 2009ರಲ್ಲಿ ಬಿಲ್ಲಿನ ಹಂಗಾಮಿಗೆ ಅಡ್ಡಬಿಲ್ಲನ್ನು ಸೇರಿಸಿಕೊಂಡಿತು, ವಿಸ್ಕಾನ್ಸಿನ್ 2014ರಲ್ಲಿ ಅದಕ್ಕೇ ಒಂದು ಹಂಗಾಮು ತೆರೆಯಿತು, ಆರೆಗನ್ ಬೇಟೆಗೆ ಅದನ್ನು ಒಪ್ಪುವುದೇ ಇಲ್ಲ. ಪರವಾನಗಿ, ಕನಿಷ್ಠ ಎಳೆತ, ಅಂಬಿನ ಅಳತೆ ಇವೆಲ್ಲವನ್ನೂ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಈ ವರ್ಷದ ಪುಸ್ತಿಕೆಯಲ್ಲಿ ನೋಡಿಯೇ ಅಂಗಡಿಗೆ ಹೋಗಬೇಕು.

ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವುದು ವೇಗದ ಅಂಕಿ. ಸೆಕೆಂಡಿಗೆ 380, 420, 470, 500 ಅಡಿ. ಈ ಅಂಕಿಗೆ ಮರುಳಾಗುವ ಮುನ್ನ ಜಿಂಕೆಯ ಕಿವಿಯನ್ನು ನೆನೆಯಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, 380 ಅಡಿಯ ನಮ್ಮ ಬಾಣ 116 ಮೀಟರ್. ಹೆದೆಯ ಸದ್ದು ಯಾವತ್ತೂ ಬಾಣಕ್ಕಿಂತ ಮೊದಲೇ ತಲುಪುತ್ತದೆ. ಬೆದರಿದ ಬಿಳಿಬಾಲದ ಜಿಂಕೆ ಜಿಗಿಯಲು ಮೊದಲು ಕಾಲು ಮಡಚಿ ಕುಸಿಯಬೇಕು; ಆ ಕುಸಿತ ಬೀಳುವ ವಸ್ತುವಿನ ವೇಗವನ್ನು ಮೀರುವಂತಿಲ್ಲ. ಸದ್ದು ಕೇಳಿ ಕುಸಿಯಲು ಶುರುಮಾಡಲು ಅದಕ್ಕೆ 0.1 ಸೆಕೆಂಡ್ ಬೇಕು ಎಂದು ಹಿಡಿಯೋಣ, ಗಾಳಿಯ ತಡೆಯನ್ನು ಬಿಡೋಣ. 45 ಮೀಟರ್ ದೂರದಲ್ಲಿ ಬಾಣ ತಲುಪುವಷ್ಟರಲ್ಲಿ ಜಿಂಕೆಯ ಮೈ 12 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎದೆಗಿಟ್ಟ ಗುರಿ ಬೆನ್ನಿಗೆ ತಾಗಲು ಅಷ್ಟು ಸಾಕು. ಇನ್ನಷ್ಟು ಹಣ ಕೊಟ್ಟು ಶೇಕಡಾ 10ರಷ್ಟು ವೇಗದ ಬಿಲ್ಲು ತಂದರೆ ಆ 12 ಸೆಂಟಿಮೀಟರ್ 7ಕ್ಕೆ ಇಳಿಯುತ್ತದೆ. ಹಳೆಯ ಬಿಲ್ಲನ್ನೇ ಹಿಡಿದು 20 ಮೀಟರಿನವರೆಗೆ ಕಾದರೆ ಒಂದು ಮಿಲಿಮೀಟರ್. ಗಾಯಗೊಂಡು ಓಡಿ ಪೊದೆಯಲ್ಲಿ ದಿನಗಟ್ಟಲೆ ನರಳುವ ಪ್ರಾಣಿಗಿಂತ ದೊಡ್ಡ ಸೋಲು ಬೇಟೆಗಾರನಿಗೆ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ. ಆ ಸೋಲನ್ನು ತಪ್ಪಿಸುವ ಬಹುಪಾಲು ಶಕ್ತಿ ದೂರವನ್ನು ಕಡಿಮೆ ಮಾಡುವುದರಲ್ಲಿದೆ, ವೇಗವನ್ನು ಕೊಳ್ಳುವುದರಲ್ಲಿಲ್ಲ.

ಹಾಗಾದರೆ ಏನು ನೋಡಬೇಕು? ಹೆದೆ ಎಳೆಯುವುದು ಹೇಗೆ ಎಂಬುದನ್ನು ಮೊದಲು. ಎರಡು ಕೊಕ್ಕೆಗಳ ಹಗ್ಗ ಬಳಸಿದರೆ ಕೈಗೆ ಬೀಳುವ ಭಾರ ಅರ್ಧವಾಗುತ್ತದೆ, ಆದರೂ 200 ಪೌಂಡಿನ ಬಿಲ್ಲಿಗೆ 45 ಕಿಲೋ. ಭುಜದ ನೋವಿರುವವರಿಗೆ, ವಯಸ್ಸಾದವರಿಗೆ ಹಿಡಿಕೆ ತಿರುಗಿಸುವ ಕ್ರ್ಯಾಂಕ್ ಇರುವ ಬಿಲ್ಲೇ ಸರಿ. ಹಗ್ಗವೋ ಕ್ರ್ಯಾಂಕೋ, ಬರಿಗೈಯಲ್ಲಿ ಎಳೆಯುವುದಕ್ಕಿಂತ ಎರಡೂ ಲೇಸು: ಹೆದೆ ಒಂದು ಬದಿಗೆ ಎರಡು ಮೂರು ಮಿಲಿಮೀಟರ್ ಸರಿದು ಕೂತರೆ ಬಾಣ ಆ ತಪ್ಪನ್ನು ಗುರಿಯವರೆಗೂ ಹೊತ್ತೊಯ್ಯುತ್ತದೆ. ಎರಡನೆಯದಾಗಿ, ಎಳೆದ ಹೆದೆಯನ್ನು ಬಾಣ ಹೊಡೆಯದೆ ಇಳಿಸಬಹುದೇ ಎಂದು ಕೇಳಿ. ಹಲವು ಬಿಲ್ಲುಗಳಲ್ಲಿ ಆಗುವುದಿಲ್ಲ. ಸಂಜೆ ಮರದ ಅಟ್ಟದಿಂದ ಇಳಿದ ಮೇಲೆ ಒಂದು ಹಳೆಯ ಬಾಣವನ್ನು ಗುರಿಹಲಗೆಗೆ ಹೊಡೆದೇ ಬಿಡುಗಡೆ ಮಾಡಬೇಕು. ವಿಸ್ಕಾನ್ಸಿನ್‌ನ ರೇವಿನ್, ಓಹಾಯೊದ ಟೆನ್‌ಪಾಯಿಂಟ್ ಕಂಪನಿಗಳ ಕ್ರ್ಯಾಂಕ್ ಮಾದರಿಗಳಲ್ಲಿ ಹೆದೆಯನ್ನು ಹಿಂದಕ್ಕೆ ಮೆಲ್ಲನೆ ಬಿಡುವ ಏರ್ಪಾಡಿದೆ. ವೇಗದ ಅಂಕಿಗಿಂತ ಇದಕ್ಕೆ ಹಣ ಕೊಡುವುದು ಬುದ್ಧಿವಂತಿಕೆ.

ಇನ್ನೊಂದು ದಾರಿಯೂ ಇದೆ. ಕೆನಡಾದ ಎಕ್ಸ್‌ಕ್ಯಾಲಿಬರ್ ತಯಾರಿಸುವಂಥ ರಿಕರ್ವ್ ಬಿಲ್ಲುಗಳಲ್ಲಿ ಕ್ಯಾಮ್ ಇಲ್ಲ, ಕೇಬಲ್ ಇಲ್ಲ. ಎರಡು ತೋಳು, ಒಂದು ಹೆದೆ. ಅಗಲ ಹೆಚ್ಚು, ಎಳೆಯಲು ಗಡುಸು, ಸದ್ದೂ ಸ್ವಲ್ಪ ಜಾಸ್ತಿ. ಆದರೆ ಹೆದೆ ಹಾಳಾದರೆ ಸಹಾಯಕ ಹಗ್ಗವೊಂದನ್ನು ಬಳಸಿ ಪ್ರೆಸ್ ಇಲ್ಲದೆ ಕಾಡಿನಲ್ಲೇ ಬದಲಿಸಬಹುದು. ಹತ್ತಿರದ ಡೀಲರ್ ಮೂರು ಗಂಟೆ ದಾರಿಯಲ್ಲಿದ್ದರೆ ನಾನು ಇದನ್ನೇ ಆರಿಸುವಂತೆ ಹೇಳುತ್ತೇನೆ. ಡೀಲರ್ ಊರಲ್ಲೇ ಇದ್ದರೆ ಕ್ಯಾಮ್ ಬಿಲ್ಲು ಕೊಳ್ಳಿ, ಆದರೆ ಆ ಅಂಗಡಿಯಲ್ಲಿ ಆ ಕಂಪನಿಯ ಹೆದೆ ದಾಸ್ತಾನಿದೆಯೇ, ಪ್ರೆಸ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಕೊನೆಗೆ ಬಿಲ್ಲನ್ನು ಭುಜಕ್ಕೆ ಕೊಟ್ಟು ನಿಲ್ಲಿ. ಮುಂದಿನ ಕೈಯ ಹೆಬ್ಬೆರಳು ಹಳಿಯ ಮಟ್ಟಕ್ಕಿಂತ ಕೆಳಗೇ ಉಳಿಯುವಂತೆ ರೆಕ್ಕೆಯಂಥ ತಡೆ ಇದೆಯೇ ನೋಡಿ. ಹೆದೆ ಓಡುವ ದಾರಿಯಲ್ಲಿ ಬೆರಳು ಸಿಕ್ಕರೆ ಅದು ಉಳಿಯುವುದಿಲ್ಲ. ಹಾಗೆ ಬೆರಳು ಕಳೆದುಕೊಂಡವರು ಇದ್ದಾರೆ. ಕೊಳ್ಳಲು ಇಟ್ಟ ಹಣದಲ್ಲಿ ಒಂದು ಪಾಲನ್ನು ಒಂದೇ ತೂಕದ ಆರು ಬಾಣ, ಒಂದು ಬದಲಿ ಹೆದೆ, ಒಳ್ಳೆಯ ಗುರಿಹಲಗೆ, ಮುಂದಿನ ವರ್ಷದ ಸರ್ವಿಸ್ ಇವಕ್ಕೆ ಎತ್ತಿಟ್ಟು, ಉಳಿದದ್ದಕ್ಕೆ ಬರುವ ಬಿಲ್ಲನ್ನು ತೆಗೆದುಕೊಳ್ಳಿ.